ಹಳೇ ಫಾರ್ಮಸಿ ಕಾಲೇಜಿನ ಇತಿಹಾಸ ಬರೆಯುವುದು: ಡೆಡ್ ಸ್ಟಾಕ್ ರಜಿಸ್ಟರಿನಿಂದ ಶುರು ಮಾಡಿ

ನಮ್ಮ ಕಡೆ ಕಾಲೇಜಿಗೆ ಐವತ್ತು ತುಂಬಿದರೆ ಸ್ಮರಣ ಸಂಚಿಕೆ ಬಂದೇ ಬರುತ್ತದೆ. ಮೊದಲ ಇಪ್ಪತ್ತು ಪುಟ ಶುಭಸಂದೇಶ, ಆಮೇಲೆ ಆಡಳಿತ ಮಂಡಳಿಯವರ ಫೋಟೊ, ಕಡೆಗೆ ಒಂದೂವರೆ ಪುಟದ ‘ನಡೆದು ಬಂದ ದಾರಿ’. ಆ ಒಂದೂವರೆ ಪುಟವನ್ನು ಇನ್ನೂರು ಪುಟದ ಪುಸ್ತಕ ಮಾಡುವ ಕೆಲಸ ಹೆಗಲಿಗೆ ಬಿದ್ದವರಿಗಾಗಿ ಈ ಬರಹ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಹಳೆಯ ಫಾರ್ಮಸಿ ಕಾಲೇಜುಗಳಿಗೆ ಹೊಂದುವಂತೆ ಬರೆದಿದ್ದೇವೆ. ಡೆಡ್ ಸ್ಟಾಕ್ ರಜಿಸ್ಟರು ಎಂದರೆ ಕಾಲೇಜು ಕೊಂಡ ಯಂತ್ರ, ಸಾಮಾನುಗಳನ್ನು ಬರೆದಿಟ್ಟ ಪುಸ್ತಕ.

ಮೂರು ಜನ ಸಾಕು. ಕಚೇರಿಯ ಕಡತ ಬಲ್ಲ ಒಬ್ಬ ಗುಮಾಸ್ತರು (ನಿವೃತ್ತರಾಗಿದ್ದರೆ ಇನ್ನೂ ಒಳ್ಳೆಯದು), ಪ್ರಯೋಗಾಲಯ ಬಲ್ಲ ಒಬ್ಬ ಮಾಸ್ತರು, ಬರೆಯುವವರು ಒಬ್ಬರು. ಹದಿನೈದು ಜನರ ಸಮಿತಿ ಮಾಡಿದರೆ ಕೊನೆಗೆ ಉಳಿಯುವುದು ಚಹಾದ ಬಿಲ್ಲು. ಒಂದು ವರ್ಷ ಇಟ್ಟುಕೊಳ್ಳಿ. ದಫ್ತರ ಬಿಚ್ಚುವ ಕೆಲಸ ಜನವರಿಯಿಂದ ಮೇ ಒಳಗೆ ಮುಗಿಯಬೇಕು. ಮೃಗಶಿರಾ ಮಳೆ ಹತ್ತಿತೆಂದರೆ ಹಳೇ ಕಾಗದ ತೇವ ಎಳೆದುಕೊಳ್ಳುತ್ತದೆ, ಹಾಳೆಗೆ ಹಾಳೆ ಅಂಟುತ್ತದೆ, ಬೂಸಲು ಏಳುತ್ತದೆ.

ಸ್ಥಾಪನೆಯಾದ ವರ್ಷ ಯಾವುದು?

ಮೊದಲ ಜಗಳ ಇಲ್ಲಿಯೇ. ಕಾಲೇಜಿನ ಕಮಾನಿನ ಮೇಲೆ ಒಂದು ವರ್ಷ, ಲೆಟರ್‌ಹೆಡ್ಡಿನಲ್ಲಿ ಇನ್ನೊಂದು, ಹಳೇ ವಿದ್ಯಾರ್ಥಿಗಳ ಬಾಯಲ್ಲಿ ಮತ್ತೊಂದು ಇರುತ್ತದೆ. ಮೂರೂ ಸರಿ ಇರಬಹುದು. ಏಕೆಂದರೆ ಫಾರ್ಮಸಿ ಕಾಲೇಜು ಒಂದೇ ದಿನ ಹುಟ್ಟುವುದಿಲ್ಲ. ಸಂಸ್ಥೆಯ ಸಭೆಯಲ್ಲಿ ಠರಾವು ಪಾಸಾದ ದಿನ ಒಂದು. ಸರ್ಕಾರದ ಆದೇಶ ಬಂದ ದಿನ ಎರಡು. ಮೊದಲ ಹುಡುಗನ ಹೆಸರು ಜನರಲ್ ರಜಿಸ್ಟರಿನಲ್ಲಿ (ಪ್ರವೇಶದ ದಾಖಲೆ ಪುಸ್ತಕ) ಏರಿದ ದಿನ ಮೂರು. ವಿಶ್ವವಿದ್ಯಾಲಯದ ಅಥವಾ ಪರೀಕ್ಷಾ ಮಂಡಳಿಯ ಸಂಲಗ್ನತೆ (ಅಫಿಲಿಯೇಶನ್) ನಾಲ್ಕು. ಫಾರ್ಮಸಿ ಶಿಕ್ಷಣಕ್ಕೆ ನಿಯಮ ಮಾಡುವ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ (ಮುಂದೆ ‘ಕೌನ್ಸಿಲ್’) ಮಾನ್ಯತೆ ಐದು.

ಐದನೆಯದರಲ್ಲೇ ಎಲ್ಲರೂ ಎಡವುತ್ತಾರೆ. 1948ರ ಫಾರ್ಮಸಿ ಕಾಯ್ದೆಯ 12ನೇ ಕಲಮು ಕಾಲೇಜಿಗೆ ಇಡಿಯಾಗಿ ಮಾನ್ಯತೆ ಕೊಡುವುದಿಲ್ಲ; ಕಲಿಸುವ ಕೋರ್ಸಿಗೆ ಬೇರೆ, ಪರೀಕ್ಷೆಗೆ ಬೇರೆ ಕೊಡುತ್ತದೆ. ಪರೀಕ್ಷೆಯ ಮಾನ್ಯತೆ ಕೈಗೆ ಬರುವ ಹೊತ್ತಿಗೆ ಮೊದಲ ಬ್ಯಾಚು ಓದು ಮುಗಿಸಿ ಹೊರಗೆ ಹೋಗಿರಬಹುದು. ಅದೇ ಪತ್ರದ ತಾರೀಖನ್ನು ‘ಸ್ಥಾಪನೆ’ ಎಂದು ಬರೆದರೆ ಮೊದಲೆರಡು ಬ್ಯಾಚುಗಳು ಇತಿಹಾಸದಿಂದಲೇ ಹೊರಗೆ ಬೀಳುತ್ತವೆ. ಡಿಪ್ಲೊಮಾ ಮೊದಲು, ಡಿಗ್ರಿ ಆಮೇಲೆ ಬಂದ ಕಾಲೇಜಿನಲ್ಲಂತೂ ಈ ಐದು ತಾರೀಖೂ ಎರಡೆರಡು ಸಲ ಬರುತ್ತವೆ. ಪುಸ್ತಕದಲ್ಲಿ ಎಲ್ಲವನ್ನೂ ಕೊಡಿ, ಹಬ್ಬಕ್ಕೆ ಯಾವುದನ್ನು ಹಿಡಿದಿದ್ದೀರಿ ಎಂದು ಒಂದು ಸಾಲು ಬರೆಯಿರಿ. ನಮ್ಮ ಮತ ಕೇಳಿದರೆ, ಜನರಲ್ ರಜಿಸ್ಟರಿನ ಮೊದಲ ಹೆಸರಿನ ದಿನ. ಹುಡುಗರು ಬಾರದೆ ಕಾಲೇಜು ಎಲ್ಲಿಯದು?

‘ಪ್ರಪ್ರಥಮ’ ಎಂಬ ಪದಕ್ಕೂ ಇದೇ ಎಚ್ಚರಿಕೆ ಬೇಕು. ಪಕ್ಕದ ಗೋವಾದಲ್ಲಿ 1842ರಿಂದಲೇ ಫಾರ್ಮಸಿ ಕಲಿಸಿದ್ದಾರೆ. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಈ ಓದಿಗೆ ಅಡಿಗಲ್ಲು ಹಾಕಿದ್ದು 1932ರಲ್ಲಿ, ಬಿ.ಫಾರ್ಮ್ ಡಿಗ್ರಿ ಶುರುವಾಗಿದ್ದು 1937ರಲ್ಲಿ. ಜಿಲ್ಲೆಗೆ ಮೊದಲೋ, ಸಂಸ್ಥೆಗೆ ಮೊದಲೋ, ಡಿಪ್ಲೊಮಾಕ್ಕೆ ಮೊದಲೋ ಬಿಡಿಸಿ ಹೇಳಲು ಆಗದಿದ್ದರೆ ಆ ಪದ ಬಿಟ್ಟುಬಿಡಿ.

ಯಾವ ಕಾಗದ ಯಾವ ಊರಲ್ಲಿ

ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರ ಆಗಸ್ಟ್ 24ಕ್ಕೆ. ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಪತ್ರಗಳನ್ನು ಧಾರವಾಡದಲ್ಲಿ ಹುಡುಕಿ. ಗದಗಿನ ಕಚೇರಿಯಲ್ಲಿ ‘ಇಲ್ಲ’ ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. 1956ರ ನವೆಂಬರ್ 1ರವರೆಗೆ ಈ ಭಾಗ ಮುಂಬೈ ರಾಜ್ಯದಲ್ಲಿತ್ತು. ಕಾಲೇಜು ಆಮೇಲೆ ಬಂದರೂ ಅದನ್ನು ನಡೆಸುವ ಸಂಸ್ಥೆ ಹಳೆಯದಾಗಿದ್ದರೆ ಅದರ ನೋಂದಣಿ 1950ರ ಮುಂಬೈ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಇದ್ದೀತು. ಆ ಸಂಖ್ಯೆ ಹಳೇ ಆಡಿಟ್ ವರದಿಯ ತಲೆಯ ಮೇಲೆ ಸಿಗುತ್ತದೆ.

ಡಿಗ್ರಿ ಕೋರ್ಸಿನ ಹಳೇ ಸಂಲಗ್ನತೆ ಕರ್ನಾಟಕ ವಿಶ್ವವಿದ್ಯಾಲಯದ್ದು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ಫಾರ್ಮಸಿ ಡಿಗ್ರಿಗಳು ಅತ್ತ ಹೋದವು. ಈ ಬದಲಾವಣೆಯ ಆಸುಪಾಸಿನ ಮೂರು-ನಾಲ್ಕು ವರ್ಷದ ಬ್ಯಾಚುಗಳನ್ನು ಒಂದೊಂದಾಗಿ ನೋಡಿ. ಒಂದೇ ಕಟ್ಟಡದಲ್ಲಿ ಸೀನಿಯರ್ ಒಂದು ವಿಶ್ವವಿದ್ಯಾಲಯದ ಅಂಕಪಟ್ಟಿ, ಜೂನಿಯರ್ ಇನ್ನೊಂದರ ಅಂಕಪಟ್ಟಿ ಹಿಡಿದಿರಬಹುದು; ಫಲಿತಾಂಶದ ಕೋಷ್ಟಕ ತಪ್ಪುವುದು ಇಲ್ಲಿಯೇ. ಡಿ.ಫಾರ್ಮ್ (ಡಿಪ್ಲೊಮಾ) ಪರೀಕ್ಷೆಯ ದಾರಿ ಬೇರೆ: ಅದು ಬೆಂಗಳೂರಿನ ಔಷಧ ನಿಯಂತ್ರಣ ಇಲಾಖೆಯಡಿಯ ಬೋರ್ಡ್ ಆಫ್ ಎಕ್ಸಾಮಿನಿಂಗ್ ಅಥಾರಿಟಿಯದ್ದು. ಡಿ.ಫಾರ್ಮ್ ಫಲಿತಾಂಶಕ್ಕೆ ವಿಶ್ವವಿದ್ಯಾಲಯದ ಬಾಗಿಲು ಬಡಿದರೆ ಬಸ್ ಚಾರ್ಜು ದಂಡ.

ಸಿಗದ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ರಾಜ್ಯದ ಕಚೇರಿಗಾದರೆ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ‘ಕಾಲೇಜಿನ ಎಲ್ಲ ಕಡತ ಕೊಡಿ’ ಎಂದು ಬರೆದರೆ ವಾಪಸ್ ಬರುತ್ತದೆ. ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಂಥ ಕಾಲೇಜಿನ ಸಂಲಗ್ನತೆ ಕುರಿತ ಸಿಂಡಿಕೇಟ್ ನಡಾವಳಿಯ ಪ್ರತಿ’ ಎಂದು ಬರೆಯಿರಿ. ಪ್ರತಿ ಪುಟಕ್ಕೆ 2 ರೂಪಾಯಿ. ದೆಹಲಿಯ ಕೌನ್ಸಿಲಿಗೆ ಹಾಕುವ ಅರ್ಜಿಗೂ 10 ರೂಪಾಯಿಯೇ, ಪದದ ಮಿತಿ 500. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಇದಕ್ಕೆಲ್ಲ ಎರಡು-ಮೂರು ತಿಂಗಳು ಹೋಗುವುದರಿಂದ ಅರ್ಜಿಗಳನ್ನು ಮೊದಲ ವಾರದಲ್ಲೇ ಕಳಿಸಿಬಿಡಿ.

ಪತ್ರಿಕೆಗಳನ್ನು ಮರೆಯಬೇಡಿ. 1933ರಿಂದ ಹುಬ್ಬಳ್ಳಿಯಿಂದ ಹೊರಡುತ್ತಿರುವ ಸಂಯುಕ್ತ ಕರ್ನಾಟಕದ ಜೂನ್-ಜುಲೈ ಸಂಚಿಕೆಗಳಲ್ಲಿ ಪ್ರವೇಶದ ಜಾಹೀರಾತು ಹುಡುಕಿ. ಸೀಟು, ಫೀ, ಅರ್ಹತೆ ಮೂರೂ ಒಂದೇ ಚೌಕದಲ್ಲಿ ಸಿಗುತ್ತವೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಗ್ರಂಥಾಲಯ, ವಿಶ್ವವಿದ್ಯಾಲಯದ ಗ್ರಂಥಾಲಯ ಎರಡಕ್ಕೂ ಪೆನ್ಸಿಲ್ ಒಯ್ಯಿರಿ, ಪೆನ್ನು ಬೇಡ.

ಸ್ಟೋರಿನ ಬಾಗಿಲು ತೆರೆಯುವ ಮುನ್ನ

ಕಲಾ ಕಾಲೇಜಿನ ಇತಿಹಾಸ ಕಾಗದದಲ್ಲಿರುತ್ತದೆ. ಫಾರ್ಮಸಿ ಕಾಲೇಜಿನದು ಅರ್ಧ ಕಾಗದದಲ್ಲಿ, ಅರ್ಧ ಸ್ಟೋರಿನಲ್ಲಿ. ಹಾಗೆಂದು ಕಸಬರಿಗೆ ಹಿಡಿದು ನೇರ ಒಳಗೆ ನುಗ್ಗಬೇಡಿ. ಮೂರು ಅಪಾಯಗಳಿವೆ.

ಒಂದು, ಪಿಕ್ರಿಕ್ ಆಸಿಡ್. ಆಲ್ಕಲಾಯ್ಡ್ ಪರೀಕ್ಷೆಯ ಹೇಗರ್ಸ್ ರಿಯೇಜಂಟಿಗೆ ಇದು ಬೇಕಿದ್ದರಿಂದ ಹಳೇ ಫಾರ್ಮಕಾಗ್ನಸಿ (ಗಿಡಮೂಲಿಕೆ ಔಷಧಗಳ) ಲ್ಯಾಬಿನಲ್ಲಿ ಹಳದಿ ಬಣ್ಣದ ಬಾಟಲಿ ಇದ್ದೇ ಇರುತ್ತದೆ. ನೀರಿನಂಶ ಇರುವವರೆಗೆ ತೊಂದರೆ ಕಡಿಮೆ, ಒಣಗಿದರೆ ಸ್ಫೋಟಕ. ಮುಚ್ಚಳದ ಸುತ್ತ ಹರಳು ಕಟ್ಟಿದ್ದರೆ ತಿರುಗಿಸುವ ಘರ್ಷಣೆಯೇ ಸಾಕು. ಮುಟ್ಟಬೇಡಿ, ಸರಿಸಬೇಡಿ, ಕೋಣೆ ಮುಚ್ಚಿ ಪ್ರಾಚಾರ್ಯರಿಗೂ ಅಗ್ನಿಶಾಮಕ ದಳಕ್ಕೂ ತಿಳಿಸಿ. ಎರಡು, ವರ್ಷಗಟ್ಟಲೆ ಕುಳಿತ ಈಥರ್. ಅದರಲ್ಲಿ ಪೆರಾಕ್ಸೈಡ್ ಕೂಡುತ್ತದೆ, ಅದನ್ನೂ ತೆರೆಯಬಾರದು. ಮೂರು, ಒಣಗಿಸಿದ ಗಿಡ ಅಂಟಿಸಿದ ಹರ್ಬೇರಿಯಂ ಹಾಳೆಗಳು. ಹುಳ ಹಿಡಿಯದಿರಲೆಂದು ಹಿಂದೆ ಮರ್ಕ್ಯುರಿಕ್ ಕ್ಲೋರೈಡ್ ಸವರುತ್ತಿದ್ದರು. ಅದು ಪಾದರಸದ ವಿಷ. ಕೈಗೆ ನೈಟ್ರೈಲ್ ಗ್ಲೌಸ್, ಮುಖಕ್ಕೆ ಎನ್-95 ಮಾಸ್ಕ್ ಇಲ್ಲದೆ ಎಲೆ ಮುಟ್ಟಬೇಡಿ. ಆ ಕೈಯಲ್ಲಿ ಎಲೆ-ಅಡಿಕೆಯಂತೂ ಬೇಡವೇ ಬೇಡ.

ಇಷ್ಟು ಆದ ಮೇಲೆ ಡೆಡ್ ಸ್ಟಾಕ್ ರಜಿಸ್ಟರು. ಇದನ್ನು ಯಾರೂ ಓದುವುದಿಲ್ಲ, ಅದಕ್ಕೇ ಇದರಲ್ಲಿ ಯಾರೂ ಬಣ್ಣ ಬಳಿದಿರುವುದಿಲ್ಲ. ಒಂದು ಸಾಲು ಹೀಗಿರುತ್ತದೆ ಎಂದುಕೊಳ್ಳಿ: ‘ಪಿಲ್ ಮಷೀನ್, ಮರ-ಹಿತ್ತಾಳೆ, 24 ಗುಳಿಗೆಯದು, ನಗ 2’. ಪಕ್ಕದಲ್ಲಿ ಬಿಲ್ ನಂಬರು, ಅಂಗಡಿಯ ಊರು, ದರ, ಕೊನೇ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ ‘ರದ್ದಿ’ ಎಂದು ತಾರೀಖು. ಈ ಒಂದು ಸಾಲಿನಲ್ಲಿ ಕೈಯಿಂದ ಗುಳಿಗೆ ಉರುಳಿಸುವುದನ್ನು ಯಾವಾಗ ಕಲಿಸಲು ಶುರು ಮಾಡಿದರು, ಯಾವಾಗ ನಿಲ್ಲಿಸಿದರು ಎರಡೂ ಇದೆ. ಸಿಂಗಲ್ ಪಂಚ್ ಟ್ಯಾಬ್ಲೆಟ್ ಮಷೀನು ಯಾವ ವರ್ಷ ಬಂತು, ಔಷಧ ಪರೀಕ್ಷಿಸುವ ಉಪಕರಣಗಳಾದ ಸ್ಪೆಕ್ಟ್ರೊಫೋಟೋಮೀಟರ್ ಯಾವ ವರ್ಷ, ಎಚ್‌ಪಿಎಲ್‌ಸಿ ಯಾವ ವರ್ಷ ಎಂದು ಹೆಕ್ಕಿ ಬರೆದರೆ ‘ನಮ್ಮ ಕಾಲೇಜು ಬೆಳೆದ ಬಗೆ’ ಎಂಬ ಅಧ್ಯಾಯ ತಾನಾಗಿ ನಿಲ್ಲುತ್ತದೆ. ಒಂದು ಎಚ್ಚರಿಕೆ: ಇನ್‌ಸ್ಪೆಕ್ಷನ್ನಿನ ಹಿಂದಿನ ತಿಂಗಳಲ್ಲಿ ಖರೀದಿ ಒಮ್ಮೆಲೇ ಏರಿರುತ್ತದೆ. ಕೊಂಡದ್ದೆಲ್ಲ ಬಳಸಿದ್ದಲ್ಲ. ಬಳಸಿದ್ದಾರೋ ಇಲ್ಲವೋ ತಿಳಿಯಲು ಸ್ಪಿರಿಟ್ ರಜಿಸ್ಟರು ನೋಡಿ. ಅಬಕಾರಿ ಪರವಾನಗಿಯ ಲೆಕ್ಕವಾದ್ದರಿಂದ ಎಷ್ಟು ತಂದರು, ಯಾವ ಲ್ಯಾಬಿಗೆ ಎಷ್ಟು ಕೊಟ್ಟರು ಎಂದು ತಾರೀಖಿನ ಸಮೇತ ಬರೆದಿರಲೇಬೇಕು.

ಫಾರ್ಮಕಾಲಜಿ (ಔಷಧದ ಪರಿಣಾಮ ಕಲಿಸುವ) ಲ್ಯಾಬಿನ ಕಪಾಟಿನಲ್ಲಿ ಕಪ್ಪು ಕಾಗದದ ಮೇಲೆ ಬಿಳಿ ಗೆರೆ ಏರಿಳಿದ ಸುರುಳಿಗಳು ಸಿಕ್ಕರೆ ಕಸವೆಂದು ಬಿಸಾಡಬೇಡಿ. ಕೈಮೊಗ್ರಾಫ್ ಡ್ರಮ್ಮಿಗೆ ಸುತ್ತಿ, ಮಸಿ ಹಿಡಿಸಿ, ಕಪ್ಪೆಯ ಸ್ನಾಯು ಕುಗ್ಗಿದ ಗೆರೆಯನ್ನು ಸೂಜಿಯಿಂದ ಎಳೆಸಿದ ಹಾಳೆ ಅದು. ಅರಗಿನ ವಾರ್ನಿಶ್‌ನಲ್ಲಿ ಅದ್ದಿ ಒಣಗಿಸಿದ್ದರೆ ಉಳಿಯುತ್ತದೆ. ಅದ್ದದೇ ಬಿಟ್ಟಿದ್ದರೆ ಬಟ್ಟೆ ತಾಗಿದರೂ ಗೆರೆ ಹೋಗುತ್ತದೆ. ಒರೆಸದೆ, ಹಾಗೇ ಮಲಗಿಸಿ, ಮೇಲಿನಿಂದ ಫೋಟೊ ತೆಗೆಯಿರಿ. ಪ್ರಾಣಿ ಪ್ರಯೋಗಕ್ಕೆ 1998ರ ನಿಯಮಗಳು ಬಂದ ಮೇಲೆ ಪ್ರಾಣಿಗೃಹದ ನೋಂದಣಿ, ಎಥಿಕ್ಸ್ ಕಮಿಟಿಯ ಕಡತ ಶುರುವಾಗುತ್ತವೆ. ಇಂದಿನ ಹುಡುಗರು ಅದೇ ಪ್ರಯೋಗವನ್ನು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಹಾಳೆ, ಕಡತ, ಕಂಪ್ಯೂಟರ್ ಮೂರನ್ನೂ ಒಂದೇ ಪುಟದಲ್ಲಿ ಇಡಿ.

ಹಳೇ ಪ್ರಾಕ್ಟಿಕಲ್ ಜರ್ನಲ್ ಎಷ್ಟು ಸಿಕ್ಕರೂ ಕಡಿಮೆಯೇ. ಮಿನಿಮ್, ಡ್ರಾಮ್, ಔನ್ಸ್ ಲೆಕ್ಕ ಕಂಡರೆ ಮಿಲಿಲೀಟರಿಗೆ ತಿರುಗಿಸಿ ಕೊಡಿ: 60 ಮಿನಿಮ್‌ಗೆ ಒಂದು ಫ್ಲೂಯಿಡ್ ಡ್ರಾಮ್ (ಸುಮಾರು 3.55 ಮಿ.ಲೀ.), 8 ಡ್ರಾಮಿಗೆ ಒಂದು ಔನ್ಸ್ (28.4 ಮಿ.ಲೀ.). ಒಣ ಪದಾರ್ಥಕ್ಕೆ ಒಂದು ಗ್ರೇನ್ ಎಂದರೆ ಸುಮಾರು 65 ಮಿ.ಗ್ರಾಂ. ಗ್ರೇನನ್ನು ಗ್ರಾಂ ಎಂದು ಓದಿದರೆ ಪ್ರಮಾಣ ಹದಿನೈದು ಪಟ್ಟು ಏರುತ್ತದೆ. ಓದುವವರಲ್ಲಿ ಅರ್ಧ ಜನ ಫಾರ್ಮಸಿಸ್ಟರು, ಬಿಡುವುದಿಲ್ಲ.

ಡಿಸ್ಪೆನ್ಸಿಂಗ್ (ಔಷಧ ತಯಾರಿಸಿ ಕೊಡುವ) ಪಾಠ ಹೇಗಿತ್ತೆಂದು ತೋರಿಸಲು ಒಂದು ಮಿಕ್ಸ್ಚರ್ ಬಾಟಲಿಯನ್ನು ಹಳೇ ಪದ್ಧತಿಯಲ್ಲಿ ತಯಾರಿಸಿ ಫೋಟೊ ತೆಗೆಯಿರಿ. 90 ಮಿ.ಲೀ. ಬಾಟಲಿ, 15 ಮಿ.ಲೀ.ಯ ಆರು ಡೋಸು. ಬಾಟಲಿಯಲ್ಲಿ ನೀರು ನಿಂತ ಎತ್ತರದಷ್ಟೇ ಉದ್ದದ ಕಾಗದದ ಪಟ್ಟಿ ಕತ್ತರಿಸಿ, ಸಮನಾಗಿ ಆರು ಪಾಲು ಮಡಚಿ, ಮಡಿಕೆಯ ಅಂಚಿನಲ್ಲಿ ಕತ್ತರಿಯಿಂದ ಸಣ್ಣ ತ್ರಿಕೋನ ತೆಗೆದು ಬಿಚ್ಚಿದರೆ ಹಲ್ಲು ಹಲ್ಲಾಗಿ ಡೋಸಿನ ಗುರುತು ಮೂಡುತ್ತದೆ. ಅದನ್ನು ಲೇಬಲ್ಲಿನ ಎದುರು ಬದಿಗೆ ಅಂಟಿಸಬೇಕು. ಕಂಪೌಂಡರ್ ಕೊಟ್ಟ ಔಷಧಿಯನ್ನು ‘ಒಂದ್ ಗೆರಿ ಕುಡೀರಿ’ ಎಂದು ಮನೆಯಲ್ಲಿ ಹೇಳುತ್ತಿದ್ದುದು ಈ ಗೆರೆಯನ್ನೇ.

ತಾರೀಖಿಲ್ಲದ ಕಾಗದಕ್ಕೆ ವಯಸ್ಸು ಹಚ್ಚುವುದು

ಲೆಟರ್‌ಹೆಡ್ಡಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು ಅಚ್ಚಾದದ್ದು 1973ರ ನವೆಂಬರ್ 1ರ ಮುಂಚೆ. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಊರಿನ ಹೆಸರು ಇಂಗ್ಲಿಷಿನಲ್ಲೂ ‘ಹುಬ್ಬಳ್ಳಿ’ ಎಂದೇ ಇದ್ದರೆ 2014ರ ಈಚೆಯದು ಎಂದು ಊಹಿಸಬಹುದು. ಸಂಸ್ಥೆಯ ಹಳೇ ಕಿರ್ದಿಯಲ್ಲಿ ಆಣೆ-ಪೈ ಲೆಕ್ಕ ಕಂಡರೆ 1957ರ ಸುತ್ತಿಗಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 64ರೊಳಗಿನದು. ಆದರೆ ಉಳಿದ ಲೆಟರ್‌ಹೆಡ್ಡನ್ನು ಖರ್ಚಾಗುವವರೆಗೆ ಬಳಸುವುದು ನಮ್ಮ ಕಚೇರಿಗಳ ಧರ್ಮ. ಹಾಗಾಗಿ ಇಂಥ ಗುರುತು ‘ಇದಕ್ಕಿಂತ ಹಳೆಯದಲ್ಲ’ ಎಂದು ಹೇಳುವುದಕ್ಕೆ ಗಟ್ಟಿ, ‘ಇದಕ್ಕಿಂತ ಹೊಸದಲ್ಲ’ ಎನ್ನುವುದಕ್ಕೆ ಸಡಿಲ. ಅನುಮಾನ ಬಂದರೆ ಆವಕ-ಜಾವಕ ಪುಸ್ತಕದಲ್ಲಿ ಪತ್ರದ ನಂಬರು ಹುಡುಕಿ, ತಾರೀಖು ಅಲ್ಲಿರುತ್ತದೆ.

ಮ್ಯೂಸಿಯಂ ಜಾಡಿಯ ಲೇಬಲ್ಲಿನಲ್ಲಿ ನಿತ್ಯಪುಷ್ಪಕ್ಕೆ ‘ವಿಂಕಾ ರೋಸಿಯಾ’ ಎಂಬ ಹಳೇ ಹೆಸರಿದೆಯೋ, ‘ಕ್ಯಾಥರಾಂಥಸ್ ರೋಸಿಯಸ್’ ಇದೆಯೋ ನೋಡಿ. ಇದು ಸುಳಿವು ಮಾತ್ರ. ಹಳೇ ಪುಸ್ತಕ ನೋಡಿ ಹೊಸ ಲೇಬಲ್ ಬರೆದವರೂ ಇರುತ್ತಾರೆ.

ಸ್ಕ್ಯಾನು

ಪತ್ರ, ರಜಿಸ್ಟರಿಗೆ 300 ಡಿಪಿಐ, ಫೋಟೊಗೆ 600, ನೆಗೆಟಿವ್ ಸಿಕ್ಕರೆ 2400ಕ್ಕಿಂತ ಕಡಿಮೆ ಬೇಡ. ಮೂಲ ಪ್ರತಿ ಟಿಫ್, ಹಂಚಲು ಜೆಪೆಗ್. ದಪ್ಪ ರಜಿಸ್ಟರನ್ನು ಗಾಜಿನ ಮೇಲೆ ಒತ್ತಿದರೆ ಬೆನ್ನು ಸೀಳುತ್ತದೆ. ಎರಡೂ ಬದಿಗೆ ಮಡಚಿದ ಟವೆಲ್ ಕೊಟ್ಟು, ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲೇ ತೆಗೆಯಿರಿ, ಸಾಕು. ಕಡತದ ಹೆಸರು ವರ್ಷ-ತಿಂಗಳು-ದಿನದ ಕ್ರಮದಲ್ಲಿರಲಿ, ಆಗ ತಾನಾಗಿ ಸಾಲಿಗೆ ಕೂರುತ್ತದೆ. ಗಾಜಿಗೆ ಅಂಟಿದ ಗ್ರೂಪ್ ಫೋಟೊವನ್ನು ಕೀಳಬೇಡಿ, ಗಾಜಿನ ಸಮೇತ ತೆಗೆಯಿರಿ. ಲ್ಯಾಮಿನೇಷನ್, ಸೆಲ್ಲೊಟೇಪು ಎರಡೂ ಬೇಡ. ಗೆದ್ದಲು ಹಿಡಿದ ಕಟ್ಟಿಗೆ ಸೀಮೆಎಣ್ಣೆ ಸಿಂಪಡಿಸುವ ಬುದ್ಧಿವಂತರು ಇರುತ್ತಾರೆ, ಕೀಲಿಕೈ ಅವರ ಕೈಗೆ ಕೊಡಬೇಡಿ.

ಗ್ರೂಪ್ ಫೋಟೊದಲ್ಲಿ ಯಾರು ಯಾರೆಂದು ಗುರುತಿಸಲು ಒಂದೇ ಉಪಾಯ: ದೊಡ್ಡದಾಗಿ ಪ್ರಿಂಟ್ ತೆಗೆದು, ಪ್ರತಿ ತಲೆಗೂ ನಂಬರು ಹಾಕಿ, ಮೂರು ಜನರಿಗೆ ಬೇರೆ ಬೇರೆಯಾಗಿ ಕಳಿಸಿ. ಇಬ್ಬರು ಒಂದೇ ಹೆಸರು ಹೇಳಿದರೆ ಬರೆಯಿರಿ.

ಮಾತಾಡಿಸುವುದು

ಮೊದಲು ನಿವೃತ್ತ ಲ್ಯಾಬ್ ಅಟೆಂಡರ್ ಹತ್ತಿರ ಹೋಗಿ, ಪ್ರಾಚಾರ್ಯರ ಹತ್ತಿರ ಆಮೇಲೆ. ಪ್ರಾಚಾರ್ಯರು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಅಟೆಂಡರ್ ಮೂವತ್ತು ವರ್ಷ ಅಲ್ಲೇ ಇರುತ್ತಾರೆ. ‘ಕಾಲೇಜಿನ ಬಗ್ಗೆ ಏನಾದರೂ ಹೇಳಿ’ ಎಂದರೆ ಭಾಷಣ ಬರುತ್ತದೆ. ‘ಸರ್ರ, ಮೊದ್ಲನೇ ದಿನ ಯಾವ ಖೋಲ್ಯಾಗ ಕ್ಲಾಸ್ ಆತ್ರಿ? ಬಾಕಾ ಇದ್ವೋ, ನೆಲಕ್ಕ ಕೂತ್ರ್ಯೋ?’ ಎಂದು ಕೇಳಿ. ಖಾನಾವಳಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದಿರಿ, 500 ತಾಸಿನ ಟ್ರೇನಿಂಗ್ ಯಾವ ಆಸ್ಪತ್ರೆಯಲ್ಲಿ ಮಾಡಿದಿರಿ, ಮೊದಲ ನೌಕರಿ ಮೆಡಿಕಲ್ ಶಾಪೋ, ಕಂಪನಿಯೋ, ಸರ್ಕಾರಿ ದವಾಖಾನೆಯೋ? ವರ್ಷ ನೆನಪಾಗದಿದ್ದರೆ ಊರಿನ ಘಟನೆಗೆ ಕಟ್ಟಿ: ತುರ್ತು ಪರಿಸ್ಥಿತಿ ಇತ್ತೋ? 1982ರ ಗೋಕಾಕ ಚಳವಳಿಯಲ್ಲಿ ಕ್ಲಾಸು ಬಂದಾದಾಗ ಎಷ್ಟನೇ ವರ್ಷದಲ್ಲಿದ್ದಿರಿ? 2003ರಲ್ಲಿ ಹುಬ್ಬಳ್ಳಿಗೆ ರೈಲ್ವೆ ವಲಯ ಬಂದಾಗ? ಮಾತು ಮುಗಿದ ಮೇಲೆ ಬರೆದದ್ದನ್ನು ಓದಿ ತೋರಿಸಿ, ಅಚ್ಚು ಹಾಕಲು ಒಪ್ಪಿಗೆಯ ಸಹಿ ತೆಗೆದುಕೊಳ್ಳಿ. ಜನರಲ್ ರಜಿಸ್ಟರಿನಲ್ಲಿರುವ ಜಾತಿ, ಜನ್ಮದಿನಾಂಕ, ಅಂಕಗಳು ಪುಸ್ತಕಕ್ಕೆ ಬರಬಾರದು. ಫೇಲಾದವರ ಹೆಸರಂತೂ ಯಾವ ಕಾರಣಕ್ಕೂ ಬೇಡ.

ಬರೆಯಲು ಕೂತಾಗ

ಐದು ಅಂಕಣದ ಕೋಷ್ಟಕ ಮಾಡಿ: ತಾರೀಖು, ಏನಾಯಿತು, ಯಾವ ಕಾಗದದ ಯಾವ ಪುಟ, ಆ ಕಾಗದ ಯಾರ ಬಳಿ ಇದೆ, ಖಾತ್ರಿ ಎಷ್ಟು. ಖಾತ್ರಿಗೆ ಮೂರು ದರ್ಜೆ ಸಾಕು: ಮೂಲ ಕಾಗದ ಕಂಡದ್ದು, ಇಬ್ಬರು ಹೇಳಿದ್ದು, ಒಬ್ಬರೇ ಹೇಳಿದ್ದು. ಮೂರನೇ ದರ್ಜೆಯದನ್ನು ‘ಎಂದು ನೆನೆಯುತ್ತಾರೆ’ ಎಂದು ಹೇಳಿದವರ ಬಾಯಲ್ಲೇ ಇಡಿ. ಸಂಖ್ಯೆಗಳಲ್ಲಿ ಮಂಜೂರಾದ ಸೀಟು, ಸೇರಿದವರು, ಪರೀಕ್ಷೆಗೆ ಕೂತವರು, ಪಾಸಾದವರು ನಾಲ್ಕೂ ಬೇರೆ ಬೇರೆ; ಒಂದು ಇನ್ನೊಂದರ ಜಾಗದಲ್ಲಿ ಕೂತರೆ ಶೇಕಡಾವಾರು ಲೆಕ್ಕವೆಲ್ಲ ಸುಳ್ಳಾಗುತ್ತದೆ.

ದೇಶದ ಹಿನ್ನೆಲೆ ಎರಡು ಪುಟ ಮೀರಬಾರದು. ಕರ್ನಲ್ ಚೋಪ್ರಾ ಅಧ್ಯಕ್ಷತೆಯ 1930-31ರ ಔಷಧ ವಿಚಾರಣಾ ಸಮಿತಿ, 1940ರ ಡ್ರಗ್ಸ್ ಕಾಯ್ದೆ, 1948ರ ಫಾರ್ಮಸಿ ಕಾಯ್ದೆ, 1949ರ ಕೌನ್ಸಿಲ್, 1953ರ ಮೊದಲ ಶಿಕ್ಷಣ ನಿಯಮಾವಳಿ. ಇದನ್ನು ಪ್ರತಿ ಸಂಚಿಕೆಯಲ್ಲೂ ಹನ್ನೆರಡು ಪುಟ ನಕಲು ಮಾಡುತ್ತಾರೆ, ಯಾರೂ ಓದುವುದಿಲ್ಲ. ಅದರ ಬದಲು ಆ ನಿಯಮ ನಿಮ್ಮ ಕಟ್ಟಡದೊಳಗೆ ಏನು ಮಾಡಿತು ಬರೆಯಿರಿ. 1991ರ ನಿಯಮಾವಳಿ ಬಂದಾಗ ಡಿ.ಫಾರ್ಮ್ ವೇಳಾಪಟ್ಟಿ ಹೇಗೆ ಬದಲಾಯಿತು? 2008ರಲ್ಲಿ ಆರು ವರ್ಷದ ಫಾರ್ಮ್.ಡಿ ಬಂದಾಗ ಕಾಲೇಜು ಅರ್ಜಿ ಹಾಕಿತೋ ಇಲ್ಲವೋ, ಹಾಕದಿದ್ದರೆ ಹತ್ತಿರದಲ್ಲಿ ದೊಡ್ಡ ಆಸ್ಪತ್ರೆಯ ಒಡಂಬಡಿಕೆ ಸಿಗಲಿಲ್ಲವೋ? 2014ರ ನಿಯಮದಿಂದ ಬಿ.ಫಾರ್ಮ್ ಸೆಮಿಸ್ಟರಿಗೆ ತಿರುಗಿದಾಗ ಪ್ರಾಕ್ಟಿಕಲ್ ಬ್ಯಾಚುಗಳನ್ನು ಹೇಗೆ ಹೊಂದಿಸಿದರು? 1987ರ ಕಾಯ್ದೆಯ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಮತ್ತು ಕೌನ್ಸಿಲ್ ಇಬ್ಬರ ಇನ್‌ಸ್ಪೆಕ್ಷನ್ನನ್ನೂ ಕಾಲೇಜುಗಳು ಎದುರಿಸುತ್ತಿದ್ದವು. 2020ರ ಮಾರ್ಚ್ 5ರ ಸುಪ್ರೀಂ ಕೋರ್ಟ್ ತೀರ್ಪು ಫಾರ್ಮಸಿ ಶಿಕ್ಷಣದಲ್ಲಿ ಕೌನ್ಸಿಲಿನ ಮಾತೇ ಅಂತಿಮ ಎಂದಿತು. ಈ ಎರಡೂ ಕಡತದ ಕಟ್ಟುಗಳ ದಪ್ಪವೇ ಒಂದು ಕತೆ ಹೇಳುತ್ತದೆ.

ಅಚ್ಚಿಗೆ ಹೋಗುವ ಮುನ್ನ

ಹಳೇ ಸಂಚಿಕೆಯ ನುಡಿ, ಬರಹ ತಂತ್ರಾಂಶಗಳ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿದಾಗ ಮೂರು ಕಡೆ ಹುಳುಕು ಬರುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಕೂತಿರುತ್ತದೆ. ಕಣ್ಣಿಗೆ ಒಂದೇ, ಹುಡುಕಿದರೆ ಹೆಸರು ಸಿಗುವುದಿಲ್ಲ. ಅರ್ಕಾವೊತ್ತು ಕನ್ನಡದ ಒಂಬತ್ತು ಆಗಿರುತ್ತದೆ. ವಟ್ರಸುಳಿ ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ. ತಾರೀಖುಗಳ ಕರಡನ್ನು ಒಬ್ಬರೇ ನೋಡಬೇಡಿ. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡಿನ ಮೇಲೆ ಬೆರಳಿಡಲಿ.

ಡೆಮಿ 1/8 ಆಕಾರ, 16 ಪುಟದ ಫಾರ್ಮು. ಹದಿಮೂರು ಫಾರ್ಮಿಗೆ 208 ಪುಟ. 210 ಪುಟ ಮಾಡಿ ಕಾಗದ ದಂಡ ಮಾಡಬೇಡಿ. ಒಳಗೆ 70 ಜಿಎಸ್‌ಎಂ ಮ್ಯಾಪ್‌ಲಿಥೊ, ಫೋಟೊಗಳಿಗೆ ನಡುವೆ ಒಂದು ಫಾರ್ಮು ಆರ್ಟ್ ಪೇಪರ್. ಬರೀ ಗಮ್ಮಿನ ಬೈಂಡಿಂಗ್ ಬೇಡ, ಹೊಲಿಗೆ ಹಾಕಿಸಿ. ಗದಗಿನ ಮುದ್ರಣಾಲಯಗಳಿಗೆ ಹಿಂದಿನಿಂದಲೂ ಹೆಸರಿದೆ, ಅಲ್ಲಿ ಒಂದು ಕೊಟೇಶನ್ ತರಿಸಿ ಹುಬ್ಬಳ್ಳಿಯ ದರದ ಜೊತೆ ಹೋಲಿಸಿ. ಸಮಾರಂಭದ ತಾರೀಖಿಗೆ ಆರು ವಾರ ಮುಂಚೆ ಕಡತ ಪ್ರೆಸ್ಸಿಗೆ ಹೋಗಬೇಕು. ಶುಭಸಂದೇಶಗಳು ಯಾವಾಗಲೂ ತಡವಾಗಿಯೇ ಬರುತ್ತವೆ, ಅವಕ್ಕೆ ರೋಮನ್ ಅಂಕಿಯ ಬೇರೆ ಪುಟಗಳಿರಲಿ. ಆಗ ಮಂತ್ರಿಗಳ ಪತ್ರ ಕೊನೇ ಗಳಿಗೆಯಲ್ಲಿ ಬಂದರೂ ಒಳಗಿನ ಪುಟಸಂಖ್ಯೆ, ಹೆಸರಿನ ಸೂಚಿ ಅಲುಗುವುದಿಲ್ಲ. ಕೊನೆಗೆ ನಾಲ್ಕು ಖಾಲಿ ಪುಟ ಬಿಡಿ, ತಲೆಯಲ್ಲಿ ‘ತಿದ್ದುಪಡಿ’ ಎಂದು ಅಚ್ಚು ಹಾಕಿ. ಬಿಡುಗಡೆಯಾದ ವಾರದಲ್ಲೇ ಫೋನ್ ಬರಲು ಶುರುವಾಗುತ್ತದೆ: ಫೋಟೊದಲ್ಲಿ ಎಡದಿಂದ ಮೂರನೆಯವರು ಅವರಲ್ಲ, ಅವರ ತಮ್ಮ.